ಬಡ್ಡಿಯ ಮೀನು

ಬುಟ್ಟಿಯಲ್ಲಿ ಎಷ್ಟೇ ಒಳ್ಳೆಯ ಮೀನಿರಲಿ, ವನಜಳ ಮೊದಲ ಗಿರಾಕಿ ದುಡ್ಡು ಕೊಡುತ್ತಿರಲಿಲ್ಲ. ಎಂಟು ವರ್ಷದಿಂದ ಹಾಗೆಯೇ ನಡೆದಿತ್ತು. ಉಪ್ಪುಂದದ ಕಡಲತಡಿಯ ಏಲದಲ್ಲಿ ಮೀನು ಕೊಂಡು, ಬಸ್ಸು ಹತ್ತಿ ಯಡ್ತರೆಯಲ್ಲಿ ಇಳಿದರೆ ಅವಳು ಮೊದಲು ಹೋಗುತ್ತಿದ್ದದ್ದು ಭೋಜರಾಜನ ಮನೆಗೆ. ಅಲ್ಲಿಗೆಂದೇ ದಪ್ಪ ಬಂಗುಡೆಯನ್ನೋ ಒಂದೆರಡು ಕಾಣೆಮೀನನ್ನೋ ಬುಟ್ಟಿಯ ಮೂಲೆಯಲ್ಲಿ ಎಲೆ ಮುಚ್ಚಿ ಇಟ್ಟಿರುತ್ತಿದ್ದಳು. ಭೋಜರಾಜನ ಹೆಂಡತಿ ಪಂಕಜಾಕ್ಷಿ ಪಾತ್ರೆ ತಂದು, ಕಿವಿರು ಎತ್ತಿ ನೋಡಿ, ಒಳಗೆ ಒಯ್ಯುತ್ತಿದ್ದಳು. ಮೀನು ಸಣ್ಣದಿದ್ದ ದಿನ ಎರಡು ಮಾತು ಹೇಳುವುದಕ್ಕೂ ಆಕೆ ಹಿಂಜರಿಯುತ್ತಿರಲಿಲ್ಲ.

ವನಜ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಅದು ಮಾರುವ ಮೀನಲ್ಲ, ಬಡ್ಡಿಯ ಮೀನು.

೨೦೧೧ರ ಡಿಸೆಂಬರಿನ ಒಂದು ಭಾನುವಾರ ಅವಳ ಗಂಡ ಚಂದಯ್ಯ ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದಿದ್ದ. ಬ್ಯಾಂಕಿಗೆ ರಜೆ. ಮುಂಬಯಿಯ ಹೋಟೆಲುಗಳಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ್ದ ಭೋಜರಾಜ ಅವಳ ನಾಲ್ಕು ಚಿನ್ನದ ಬಳೆ ಅಡವಿಟ್ಟುಕೊಂಡು ನಲವತ್ತು ಸಾವಿರ ಕೊಟ್ಟ. ಮಣಿಪಾಲಕ್ಕೆ ಕಾರನ್ನೂ ಮಾಡಿಕೊಟ್ಟ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅದನ್ನು ಕೈಗೆ ಕೊಡುವುದು ಬೇಡ, ದಿನಾ ಮನೆಗೆ ಮೀನು ಹಾಕಿದರೆ ಅದರಲ್ಲೇ ಹೋಗುತ್ತದೆ ಎಂದೂ ಹೇಳಿದ. ಆಗ ವನಜಳಿಗೆ ಅವನು ದೇವರ ಹಾಗೆ ಕಂಡಿದ್ದ. ಸಾಲಕ್ಕೂ ಬಳೆಗೂ ಒಂದು ಚೀಟಿ ಬರೆದುಕೊಡಲು ಕೇಳಬೇಕೆಂದು ಅನಿಸಿದ್ದು ನಿಜ, ಆದರೆ ಗಂಡನ ಜೀವ ಉಳಿಸಿದವನ ಮುಂದೆ ನಾಲಗೆ ಏಳಲಿಲ್ಲ. ನಮ್ಮ ಕಡೆ ಚೀಟಿ ಕೇಳುವುದೆಂದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೆ ಹೇಳಿದಂತೆ.

ಆ ಬಳೆಗಳು ಯಾರೂ ಕೊಟ್ಟದ್ದಲ್ಲ. ಒಂದೊಂದು ಮಳೆಗಾಲ ಒಣಮೀನು ಮಾರಿ ಒಂದೊಂದಾಗಿ ಮಾಡಿಸಿಕೊಂಡದ್ದು. ೨೦೧೯ರಲ್ಲಿ ಚಂದಯ್ಯನಿಗೆ ಮತ್ತೆ ಎದೆನೋವು ಶುರುವಾಯಿತು. ಬಳೆ ಕೈಗೆ ಬಂದರೆ ಬ್ಯಾಂಕಿನಲ್ಲಿಟ್ಟು ಕಡಿಮೆ ಬಡ್ಡಿಗೆ ಸಾಲ ತೆಗೆದು ಚಿಕಿತ್ಸೆ ಮಾಡಿಸಬಹುದಿತ್ತು. ಬಳೆಯಿಲ್ಲದಿದ್ದರೆ ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

ಸರಕಾರ ಆ ವರ್ಷವೇ ಋಣ ಪರಿಹಾರ ಕಾಯ್ದೆ ತಂದಿತ್ತು. ಬಡವರು ಖಾಸಗಿಯವರಿಂದ ತೆಗೆದ ಸಾಲ ಮನ್ನಾ, ಅಡವಿಟ್ಟದ್ದು ವಾಪಸು, ಅರ್ಜಿ ಹಾಕಲು ತೊಂಬತ್ತು ದಿನ. ವನಜಳ ಕಿವಿಗೆ ಅದು ಬಿದ್ದಾಗ ಉಳಿದದ್ದು ನಾಲ್ಕೇ ದಿನ. ಶುಕ್ರವಾರ ಅವಳು ಕುಂದಾಪುರದ ಎಸಿ ಆಫೀಸಿಗೆ ಓಡಿದಳು. ಅಲ್ಲಿ ಜಗಲಿಯ ಮೇಲೆ ಕೋಟದ ಶಾಮರಾಯರು ಅರ್ಜಿ ಬರೆದುಕೊಡುತ್ತ ಕುಳಿತಿದ್ದರು. ಬ್ಯಾಂಕು, ಸೊಸೈಟಿಯ ಸಾಲ ಇದರಲ್ಲಿ ಬರುವುದಿಲ್ಲವೆಂದೂ ವರಮಾನದ ಸರ್ಟಿಫಿಕೇಟು ಬೇಕೆಂದೂ ವಿವರಿಸಿದರು. ಸಾಲ ಕೊಡುವವನಿಗೆ ಲೈಸನ್ಸು ಇರಬೇಕು, ಬಡ್ಡಿಗೆ ಮಿತಿಯಿದೆ, ಕೊಟ್ಟದ್ದಕ್ಕೂ ಪಡೆದದ್ದಕ್ಕೂ ರಸೀದಿ ಕೊಡಬೇಕು ಎಂಬುದೆಲ್ಲ ಹಿಂದಿನಿಂದಲೂ ಇದ್ದ ಕಾನೂನೇ ಎಂದರು. ವನಜ ಎಂಟು ವರ್ಷದಲ್ಲಿ ಮೊದಲ ಸಲ ಇದನ್ನು ಕೇಳಿದಳು.

"ಚೀಟಿ ಇತ್ತಾ?" ಎಂದರು ರಾಯರು.

"ಇಲ್ಲೆ. ಬಾಯ್ಮಾತಗೇ ಆದದ್."

"ಹಂಗಾರೆ ಸಾಕ್ಷಿ ಬೇಕ್. ಬಳೆ ಅವ್ರ ಹತ್ರ ಇತ್ತ್ ಅಂತ ಹೇಳುಕೆ ಒಬ್ರಾದ್ರೂ ಬೇಕ್. ಸೋಮವಾರ ಕಡೀ ದಿನ, ನೆನಪಿರ್ಲಿ."

ಶನಿವಾರ ಎಂದಿನಂತೆ ಮೀನು ಕೊಟ್ಟ ಮೇಲೆ ವನಜ ಹೊರಡಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಭೋಜರಾಜನ ಹತ್ತಿರ ಒಂದು ಚೀಟಿ ಬರೆದುಕೊಡಲು ಕೇಳಿದಳು. ಅವಳು ಯಾಕೆ ಕೇಳುತ್ತಿದ್ದಾಳೆಂದು ಅವನಿಗೆ ಕೂಡಲೇ ಗೊತ್ತಾಯಿತು.

"ನಾನೆಂತ ಕಳ್ಳನಾ ವನಜ? ಅವತ್ತ್ ನಿಂಗೆ ಯಾವ ಸರಕಾರ ಬಾಗಿಲ್ ತೆಗ್ದಿತ್? ಮೂವತ್ ವರ್ಷ ಟೇಬಲ್ ಒರ್ಸಿ ಕೂಡಿಟ್ಟ ದುಡ್ಡ್ ಅದ್. ಈಗಾಗ್ಲೇ ಆರ್ ಜನ ಅರ್ಜಿ ಹಾಕಿರ್. ಎಲ್ಲರ್ದೂ ಮನ್ನಾ ಆರೆ ನಾನ್ ಎಂತ ತಿಂಬುದ್?"

ಅವನ ಹೆದರಿಕೆ ಸುಳ್ಳಲ್ಲವೆಂದು ವನಜಳಿಗೂ ಗೊತ್ತಿತ್ತು, ಅದಕ್ಕೇ ಅವಳಿಗೆ ಮಾತು ಕಷ್ಟವಾಯಿತು.

"ನಿಮ್ಮ್ ಉಪಕಾರ ನಾನ್ ಮರೀಲಿಲ್ಲೆ ಭೋಜಣ್ಣ. ಆದ್ರೆ ಎಂಟ್ ವರ್ಷ ಬಡ್ಡಿ ಮುಟ್ಸಿದ್ದೆ ಅಲ್ದಾ?"

"ಎಲ್ಲಿ ಮುಟ್ಸಿದ್ದೆ? ಒಂದ್ ರೂಪಾಯಿ ಕಂಡವ್ನಲ್ಲ ನಾನ್."

"ಮತ್ತೆ ಮೀನ್?"

"ಅದ್ ನೀ ಪ್ರೀತಿಯಗೆ ಕೊಟ್ಟದ್," ಎಂದ ಭೋಜರಾಜ, ಅವಳ ಮುಖ ನೋಡದೆ.

ವನಜಳಿಗೆ ಬೆಲ್ಲ ನೀರು ತಂದಿದ್ದ ಪಂಕಜಾಕ್ಷಿ ಬಾಗಿಲಲ್ಲೇ ನಿಂತುಬಿಟ್ಟಳು. "ಅಂದ್ರೆ ನೀವ್ ತಿಂಗ್ಳ ತಿಂಗ್ಳ ಮೀನಿನ್ ದುಡ್ಡ್ ಕೊಡ್ತಾ ಇರ್ಲಿಲ್ಲ್ಯಾ?" ಎಂದು ಗಂಡನನ್ನು ಕೇಳಿದಳು. ಅವನು ಒಳಗೆ ಹೋಗಲು ಹೇಳಿದ. ಸೋಮವಾರ ಬಳೆಗಳನ್ನು ಚಿನ್ನದ ಕೆಲಸದ ಆಚಾರಿಗೆ ಮಾರಿ ಅಸಲು ಬಡ್ಡಿ ಎರಡಕ್ಕೂ ಮುರಿದುಕೊಳ್ಳುತ್ತೇನೆಂದು ವನಜಳಿಗೆ ಕಡ್ಡಿ ಮುರಿದಂತೆ ಹೇಳಿ ಎದ್ದುಹೋದ.

ಆ ದಿನ ಉಳಿದ ಮೀನನ್ನು ವನಜ ಹೇಗೆ ಮಾರಿದಳೋ ಅವಳಿಗೇ ನೆನಪಿಲ್ಲ. ಭಾನುವಾರವಿಡೀ ಚಂದಯ್ಯ ಎದೆ ನೀವಿಕೊಳ್ಳುತ್ತ ಮಲಗಿದ್ದ. ಬಳೆ ಹೋದರೆ ಹೋಗಲಿ, ಕಷ್ಟಕ್ಕಾದವನ ಮೇಲೆ ಅರ್ಜಿ ಬೇಡ ಎಂದ. ನಿಯತ್ತು ತಪ್ಪುತ್ತಿದ್ದೇನೋ ಎಂಬ ಅಳುಕು ವನಜಳಿಗೂ ಇತ್ತು.

ಸೋಮವಾರ ಎಸಿ ಆಫೀಸಿನ ಸಾಲು ಗೇಟಿನ ಹೊರಗೂ ಹಬ್ಬಿತ್ತು. ಮನೆಯಲ್ಲಿದ್ದ ವರಮಾನದ ಸರ್ಟಿಫಿಕೇಟು ತಂದುಕೊಟ್ಟು, ಸಾಕ್ಷಿಯ ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ಬರೆಸಿಕೊಂಡು ವನಜ ಜಗಲಿಯಲ್ಲಿ ನಿಂತಿದ್ದಳು. ಹನ್ನೆರಡಾಯಿತು, ಒಂದಾಯಿತು. ಈ ಹೊತ್ತಿಗೆ ಆಚಾರಿ ಬಳೆಗಳನ್ನು ಉರಿಗೆ ಹಿಡಿದಿರುತ್ತಾನೆ ಎಂದುಕೊಂಡಳು. ಊಟದ ಹೊತ್ತು ಮುಗಿದು ಸಾಲು ಮತ್ತೆ ಹೊರಟಾಗ ಯಾರೋ ಹಿಂದಿನಿಂದ ಭುಜ ಮುಟ್ಟಿದರು.

ಪಂಕಜಾಕ್ಷಿ ಬೆವರುತ್ತ ನಿಂತಿದ್ದಳು. ಕೈಯಲ್ಲೊಂದು ಬಟ್ಟೆಯ ಚೀಲ. "ಬಳೆ ಎಲ್ಲೂ ಹೋಯಿಲ್ಲೆ. ಕಪಾಟಿನ್ ಬೀಗದ್ಕೈ ನನ್ನತ್ರ ಇತ್ತ್," ಎಂದಳು.

ಚೀಲದಿಂದ ಎಂಟು ಕ್ಯಾಲೆಂಡರು ಹೊರಬಂದವು. ಹಾಲಿನವನ ಲೆಕ್ಕ ಬರೆದಿಡುವಂತೆ ಅವಳು ಒಂದೊಂದು ದಿನದ ಚೌಕದಲ್ಲೂ ಬರೆದಿಟ್ಟಿದ್ದಳು. ಬಂಗುಡೆ ಆರು, ಕಾಣೆ ಎರಡು, ಮೀನುಗಾರಿಕೆ ನಿಲ್ಲುವ ಮಳೆಗಾಲದಲ್ಲಿ ಒಣ ಸಿಗಡಿ. ಮನೆಯಲ್ಲಿ ಮೀನು ತಿನ್ನದ ಸೋಮವಾರಗಳು ಮಾತ್ರ ಖಾಲಿ. ಗಂಡ ತಿಂಗಳ ಕೊನೆಗೆ ಮೀನಿನವಳಿಗೆ ದುಡ್ಡು ಕೊಡುತ್ತಾನೆಂದು ನಂಬಿ ಬರೆದದ್ದು. ಪ್ರತಿ ತಿಂಗಳ ಕೆಳಗೆ ಅಂದಿನ ದರದಲ್ಲಿ ಒಟ್ಟು ಹಾಕಿ ಗೀಟು ಎಳೆದದ್ದು ಭೋಜರಾಜನ ಕೈ. ಯಾವ ತಿಂಗಳೂ ಬಡ್ಡಿಯ ಸಾವಿರದ ಇನ್ನೂರಕ್ಕೆ ಕಡಿಮೆಯಿರಲಿಲ್ಲ.

ಅರ್ಜಿ ಬರೆಯುವಾಗ ಭೋಜರಾಜನ ಮಾತನ್ನೂ ವನಜಳಿಂದ ಕೇಳಿದ್ದ ಶಾಮರಾಯರು ಕನ್ನಡಕ ಏರಿಸಿ ಹಾಳೆ ಮಗುಚಿದರು. "ಪ್ರೀತಿಯಗೆ ಕೊಟ್ಟ ಮೀನಿಗೆ ಯಾರಾದ್ರೂ ತಿಂಗ್ಳ ತಿಂಗ್ಳ ಒಟ್ಟು ಹಾಕ್ತ್ರಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಅಂದಾಜು ಕೂಡಿಸಿ ನೋಡಿದರು. ಲಕ್ಷದ ಹನ್ನೆರಡು ಸಾವಿರ ದಾಟಿತ್ತು.

ವನಜ ಮೆಟ್ಟಿಲಲ್ಲಿ ಕುಳಿತುಬಿಟ್ಟಳು. ಎಂಟು ವರ್ಷ ತಾನು ಸಾಲಗಾರಳೆಂದು ತಲೆ ತಗ್ಗಿಸಿ ಆ ಮನೆಯ ಮೆಟ್ಟಿಲು ಹತ್ತಿದ್ದಳು. ತೆಗೆದದ್ದರ ಸುಮಾರು ಮೂರು ಪಟ್ಟು ಕೊಟ್ಟಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಎರಡು ದಿನದಿಂದ ತಡೆದಿದ್ದ ಅಳು ಬಂತು, ಅಳುಕು ಮಾತ್ರ ಹೋಯಿತು.

"ಸಣ್ಣ ಮೀನ್ ತಂದಿ ಅಂದೇಳಿ ನಿಂಗೆ ಬೈದಿದ್ದೆ ನಾನ್," ಎಂದಳು ಪಂಕಜಾಕ್ಷಿ. ಅವಳ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ರಾಯರ ಕಡೆ ತಿರುಗಿ, "ಸಾಕ್ಷಿಗೆ ನನ್ ಹೆಸ್ರ್ ಬರೀರಿ," ಎಂದಳು.

ರಾಯರ ಪೆನ್ನು ನಿಂತಿತು. "ಅಮ್ಮಾ, ಸಂಜಿಗೆ ನೀವ್ ಮನಿಗೆ ಹೋಯ್ಕಲ್ದಾ?"

"ಹೋತೆ. ಮನಿ ನಂದೂ ಅಲ್ದಾ."

ಬಾಗಿಲು ಮುಚ್ಚಲು ಅರ್ಧ ಗಂಟೆಯಿರುವಾಗ ಅರ್ಜಿ ಒಳಗೆ ಹೋಯಿತು. ವಿಚಾರಣೆಗೆ ಕರೆ ಬಂದದ್ದು ಒಂದೂವರೆ ತಿಂಗಳ ನಂತರ. ಮೇಜಿನ ಮೇಲೆ ಹರಡಿದ್ದ ಕ್ಯಾಲೆಂಡರುಗಳಲ್ಲಿ ತನ್ನ ಕೈಬರಹವನ್ನು ಭೋಜರಾಜ ತುಂಬ ಹೊತ್ತು ನೋಡಿದ. ಆಮೇಲೆ, ಕರೆಯಲ್ಲಿ ಹೇಳಿದಂತೆ ತಂದಿದ್ದ ಪೊಟ್ಟಣವನ್ನು ಜೇಬಿನಿಂದ ತೆಗೆದು, ಎಣಿಸಿ, ನಾಲ್ಕು ಬಳೆಗಳನ್ನೂ ಮೇಜಿನ ಮೇಲಿಟ್ಟ. ಮರುದಿನವೇ ಅವು ಬ್ಯಾಂಕಿಗೆ ಹೋದವು, ರಸೀದಿ ವನಜಳ ಸೆರಗಿನ ಗಂಟಿಗೆ ಬಂತು. ಚಂದಯ್ಯನ ಚಿಕಿತ್ಸೆಯೂ ಆಯಿತು.

ವನಜ ಮತ್ತೆ ಬುಟ್ಟಿ ಹೊತ್ತು ಯಡ್ತರೆಯಲ್ಲಿ ಇಳಿದ ದಿನ ಆ ಮನೆಯನ್ನು ದಾಟಿ ಮುಂದೆ ಹೋದಳು.

"ಹ್ವಾಯ್ ವನಜಾ," ಎಂದು ಒಳಗಿನಿಂದ ಕೂಗು ಬಂತು. ಪಂಕಜಾಕ್ಷಿ ಪಾತ್ರೆ ಹಿಡಿದು ಅಂಗಳಕ್ಕೆ ಬಂದು, ಕಿವಿರು ಎತ್ತಿ ನೋಡಿ, ಆರು ಬಂಗುಡೆ ಆರಿಸಿದಳು. "ಎಷ್ಟಾಯ್ತ್?"

ಆ ಅಂಗಳದಲ್ಲಿ ಬೆಲೆ ಹೇಳಿ ವನಜಳಿಗೆ ಅಭ್ಯಾಸವಿರಲಿಲ್ಲ. ಜಗಲಿಯಲ್ಲಿದ್ದ ಭೋಜರಾಜ ಪೇಪರಿನಿಂದ ತಲೆಯೆತ್ತದೆ, "ಪ್ಯಾಟಿ ರೇಟೇ ಹೇಳ್," ಎಂದ.

"ನೂರಾ ಇಪ್ಪತ್," ಎಂದಳು ವನಜ.

"ನೂರಕ್ಕೆ ಕೊಡ್ ಮಾರಾಯ್ತಿ. ಸಣ್ಣದಲ್ದಾ," ಎಂದಳು ಪಂಕಜಾಕ್ಷಿ.

ವನಜ ಸೊಂಟಕ್ಕೆ ಕೈ ಕೊಟ್ಟು ಅವಳ ಮುಖವನ್ನೇ ನೋಡಿದಳು. "ಆತಿಲ್ಲೆ ಅಕ್ಕಾ. ಬೇಕಾರೆ ತಕೋ," ಎಂದಳು.

ಪಂಕಜಾಕ್ಷಿ ನೂರಾ ಇಪ್ಪತ್ತನ್ನೂ ಎಣಿಸಿ ಕೊಟ್ಟಳು. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುವುದಕ್ಕೆ ಬಾಕಿ ಏನೂ ಇರಲಿಲ್ಲ.