ಕೊಳವೆಯೊಳಗಿನ ಗೂಡು

ಮಳೆಗಾಲದ ಮೊದಲ ಬೆಳೆ ಏಣೆಲಿನ ಉಳುಮೆ ಶುರುವಾಗಿತ್ತು. ಬಜ್ಪೆ ಗುಡ್ಡದ ಕೆಳಗಿನ ಗದ್ದೆಗಳಲ್ಲಿ ಕೋಣಗಳು ಮೊಣಕಾಲುದ್ದ ಕೆಸರಿನಲ್ಲಿ ನಡೆಯುತ್ತಿದ್ದವು. ಗುಡ್ಡದ ಮೇಲೆ, ವಿಮಾನ ನಿಲ್ದಾಣದ ಅಂಗಳದಲ್ಲಿ, ಕೂಲಿಯಾಳುಗಳು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಬೊಂಬಾಯಿಗೆ ಹೋಗುವ ಡಕೋಟಾಕ್ಕೆ ಮಲ್ಲಿಗೆಯ ಬುಟ್ಟಿಗಳನ್ನು ಏರಿಸುತ್ತಿದ್ದರು. ೧೯೫೮ರ ಜೂನ್. ಎಂಜಿನಿನ ಒಂದು ಭಾಗಕ್ಕಾಗಿ ವಾರವಿಡೀ ಕದಲದೆ ನಿಂತಿದ್ದ ವಿಮಾನ ಅಂದು ಬೆಳಿಗ್ಗೆ ಹೊರಡಲಿತ್ತು.

ನಡೆಸುವವನು ಕದ್ರಿಯ ಮ್ಯಾಕ್ಸಿಮ್. ಕೆಳಗೆ ನಿಂತು ಎಲ್ಲ ಸರಿಯಿದೆ ಎಂದು ಕೈಯೆತ್ತಿದ ಮೆಕ್ಯಾನಿಕ್ ಇಸಿದೋರ್, ಅವನ ಅಕ್ಕ ಗೆರ್ಟ್ರೂಡಳ ಗಂಡ.

ಓಟದಲ್ಲಿ ವೇಗದ ಮುಳ್ಳು ಸರಿಯಾಗಿಯೇ ಏರಿತು. ನೆಲ ಬಿಟ್ಟು ಮೋಡ ಹೊಕ್ಕ ಮೇಲೆ ಕಿಟಕಿಯ ಹೊರಗೆ ಮಳೆಯ ಬಿಳುಪಲ್ಲದೆ ಏನೂ ಕಾಣಲಿಲ್ಲ. ಮುಳ್ಳು ಮಾತ್ರ ಏರುತ್ತಲೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ಕೋಪೈಲಟ್ ನಿತ್ಯಾನಂದ, "ಸ್ಪೀಡ್ ಜಾಸ್ತಿಯಾಗ್ತಾ ಉಂಟು ಸರ್, ಮೂತಿ ಎತ್ತಿ" ಎಂದ. ಮ್ಯಾಕ್ಸಿಮ್ ಎತ್ತಿದ. ಮುಳ್ಳು ಮತ್ತೂ ಏರಿತು. ಅವನು ಮತ್ತಷ್ಟು ಎತ್ತಿದ. ಆಗ ಕೈಯೊಳಗಿನ ಹಿಡಿ ಗಂಜಿಯ ಹಾಗೆ ಸಡಿಲವಾಯಿತು. ವಿಮಾನದ ಮೈಯೆಲ್ಲ ಚಳಿಜ್ವರ ಬಂದಂತೆ ನಡುಗಿತು.

ವೇಗ ಹೆಚ್ಚಾದ ವಿಮಾನ ಹಾಗೆ ನಡುಗುವುದಿಲ್ಲ. ವೇಗ ಸತ್ತು ಬೀಳಲು ಹೊರಟದ್ದು ನಡುಗುತ್ತದೆ. ಮುಳ್ಳು ಸುಳ್ಳು ಹೇಳುತ್ತಿತ್ತು. ಮ್ಯಾಕ್ಸಿಮ್ ಮೂತಿಯನ್ನು ಕೆಳಗೆ ಒತ್ತಿದ. ಹಿಂದೆ ಯಾರೋ ಹೆಂಗಸು ಜಪಸರದ ಪ್ರಾರ್ಥನೆಯನ್ನು ದೊಡ್ಡದಾಗಿ ಹೇಳುವುದು ಕೇಳಿಸಿತು. ನಡುಕ ನಿಂತಿತು.

"ಅದರ ಮೇಲೆ ಕರ್ಚೀಫ್ ಹಾಕು" ಎಂದ.

"ಯಾವುದರ ಮೇಲೆ ಸರ್?"

"ಆ ಸುಳ್ಳುಗಾರನ ಮೇಲೆ ಮಾರಾಯ. ನಿನ್ನ ಬದಿಯದಕ್ಕೂ ಹಾಕು. ಕಂಡರೆ ಮತ್ತೆ ನಂಬ್ತೇವೆ."

ಮುಂದೆ ಅವನು ನಂಬಿದ್ದು ಎರಡನ್ನೇ. ಈ ಭಾರಕ್ಕೆ ಎಂಜಿನಿಗೆ ಎಷ್ಟು ಶಕ್ತಿ ಕೊಟ್ಟರೆ ವಿಮಾನ ಎಷ್ಟು ಓಡುತ್ತದೆ ಎಂಬ ಹಳೆಯ ಅನುಭವ ಒಂದು. ರೆಕ್ಕೆ, ಮೂತಿ ಮಟ್ಟವಾಗಿವೆಯೇ ಎಂದು ತೋರಿಸುವ ಮಾಪಕ ಇನ್ನೊಂದು. ಸಮುದ್ರದ ಮೇಲೆ ಸುತ್ತು ಹಾಕಿ, ಮೋಡ ಹರಿದ ಕಡೆ ಗುರುಪುರ ಹೊಳೆಯ ತಿರುವನ್ನು ಕಂಡು, ಮತ್ತೆ ಬಜ್ಪೆಯಲ್ಲೇ ಇಳಿಸಿದ.

ಜನ ಇಳಿದು ಹೋದರು. ಮಳೆಯಲ್ಲೇ ಅವನು ಮೂತಿಯ ಕೆಳಗೆ ಬಗ್ಗಿ ನೋಡಿದ. ಎದುರುಗಾಳಿಯನ್ನು ಒಳಗೆಳೆದು ಮುಳ್ಳಿಗೆ ವೇಗ ತಿಳಿಸುವ ಕೊಳವೆಗಳು ಎರಡು. ಎರಡರ ಬಾಯಲ್ಲೂ ಗದ್ದೆಯ ಮಣ್ಣು. ಕುಂಬಾರ ಹುಳದ ಗೂಡು.

"ಮೆಕ್ಯಾನಿಕ್" ಎಂದು ಕರೆದ. ಅಕ್ಕನ ಮದುವೆಯಾದಂದಿನಿಂದ ಭಾವ ಎಂದೇ ಕರೆಯುತ್ತಿದ್ದವನು. "ಇದನ್ನು ನೋಡಿರಲಿಲ್ಲವಾ?"

ಇಸಿದೋರ್ ಕೊಳವೆಯನ್ನು ನೋಡಲಿಲ್ಲ. "ನೋಡಿದ್ದೆ" ಎಂದ. "ಊದಿ ನೋಡಿದೆ. ಬಿರುಕಿನಲ್ಲಿ ಗಾಳಿ ಹೋಗ್ತಿತ್ತು. ಮಳೆಗೆ ಮಣ್ಣು ಅರಳಿ ಮುಚ್ಚಿಕೊಂಡಿದೆ ಕಾಣ್ತದೆ."

"ತಂತಿ ಹಾಕಿ ತೆಗೆಯಲಿಕ್ಕೆ ಎಂತ ಬೇನೆ?"

"ಗೆರ್ಟಿಗೆ ಆರು ತಿಂಗಳು, ಮ್ಯಾಕ್ಸಿಮ್."

ಅಷ್ಟು ಸಾಕಿತ್ತು. ಬಸುರಿ ಇರುವ ಮನೆಯವರು ಕುಂಬಾರ ಹುಳದ ಗೂಡು ಒಡೆಯಬಾರದು, ಒಡೆದರೆ ಹೊಟ್ಟೆಯಲ್ಲಿದ್ದದ್ದು ಉಳಿಯುವುದಿಲ್ಲ. ಈ ಮಾತು ಮ್ಯಾಕ್ಸಿಮನ ಮನೆಯಲ್ಲೂ ಇತ್ತು. ಗೆರ್ಟ್ರೂಡಳಿಗೆ ಹಿಂದೆ ಎರಡು ಬಾರಿ ಬಸಿರು ಇಳಿದುಹೋಗಿತ್ತು. ಇದು ಅವಳ ಕೊನೆಯ ಭರವಸೆ. ಅದೆಲ್ಲ ಗೊತ್ತಿದ್ದೇ ಅವನ ಸಿಟ್ಟು ಇನ್ನಷ್ಟು ಕುದಿಯಿತು. ವಿಮಾನದೊಳಗೂ ತಾಯಂದಿರಿರಲಿಲ್ಲವೇ? ಅವರ ಮಕ್ಕಳು ಯಾವ ಹುಳದ ಲೆಕ್ಕದಲ್ಲಿ?

ತಂತಿ ತಂದು ಇಸಿದೋರನ ಕೈಗೆ ತುರುಕಿದ. ಇಸಿದೋರ್ ಅದನ್ನು ಕೊಳವೆಯವರೆಗೆ ಒಯ್ದ, ಅಲ್ಲಿಗೆ ಕೈ ನಿಂತಿತು. ಮುಖದ ಮೇಲೆ ಇಳಿಯುತ್ತಿದ್ದದ್ದು ಮಳೆಯೊಂದೇ ಆಗಿರಲಿಲ್ಲ. ಮ್ಯಾಕ್ಸಿಮ್ ತಂತಿ ಕಿತ್ತುಕೊಂಡು ತಾನೇ ಚುಚ್ಚಿದ. ಮಣ್ಣು, ಅರೆಜೀವದ ಹಸಿರು ಕಂಬಳಿಹುಳಗಳು, ಅವುಗಳ ನಡುವೆ ಅಕ್ಕಿಕಾಳಿನಂಥ ಬಿಳಿ ಮರಿ. ಎಲ್ಲವನ್ನೂ ಭಾವನ ಅಂಗೈಗೆ ಸುರಿದ.

"ಇದನ್ನು ಹಿಡಿದುಕೊಂಡು ಆಫೀಸಿಗೆ ಹೋಗಿ. ನೀವೇ ಹೇಳಿ. ವಿಮಾನದಲ್ಲಿದ್ದವರೆಲ್ಲರ ಜೀವದ ಋಣ ನಿಮ್ಮ ಮೇಲುಂಟು, ಅದನ್ನು ತೀರಿಸಿ ಬನ್ನಿ."

ಇಸಿದೋರ್ ಹೋದ. ಮುಚ್ಚಿಡದೆ ಹೇಳಿದ. ಮಧ್ಯಾಹ್ನದೊಳಗೆ ಅವನನ್ನು ಕೆಲಸದಿಂದ ತೆಗೆದರು.

ಮರುದಿನ ಮಳೆ ಬಿಟ್ಟಿದ್ದ ಹೊತ್ತಿನಲ್ಲಿ ಗೆರ್ಟ್ರೂಡ್ ಕದ್ರಿಯ ಏರು ಹತ್ತಿ ತಮ್ಮನ ಮನೆಗೆ ಬಂದಳು. ಹೊಟ್ಟೆಯ ಮೇಲೊಂದು ಕೈ ಇತ್ತು. ಮ್ಯಾಕ್ಸಿಮನ ಹೆಂಡತಿ ಜೂಲಿ ಓಡಿಹೋಗಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟಳು. ಮ್ಯಾಕ್ಸಿಮ್ ಭಾವನ ಕೆಲಸದ ವಿಷಯಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಕುಳಿತಿದ್ದ. ಅಕ್ಕ ಕೆಲಸದ ಮಾತಿನಿಂದ ಶುರು ಮಾಡಲಿಲ್ಲ.

"ಒಡೆದದ್ದು ಯಾರ ಕೈ?"

"ಒಡೆಯದಿದ್ದರೆ ನಾಳೆ ಆ ವಿಮಾನ ಬೀಳ್ತಿತ್ತು ಅಕ್ಕ. ನಾನೇ ಸಾಯ್ತಿದ್ದೆ ನಿನ್ನೆ."

"ಅದು ನಮ್ಮವರ ತಪ್ಪು. ಕೆಲಸ ಹೋಯಿತು, ಹೋಗಲಿ. ತೆಗೆಯಲಿಕ್ಕೆ ಅಲ್ಲಿ ಬೇರೆ ಜನ ಇರಲಿಲ್ಲವಾ? ತವರಿನ ಕೈಯೇ ಆಗಬೇಕಿತ್ತಾ?" ಅವಳು ಕಿಟಕಿಯತ್ತ ಗಲ್ಲ ತೋರಿಸಿದಳು. ಮೂಲೆಯಲ್ಲಿ ಒಣಗಿದ ಹಳೆಯ ಮಣ್ಣಿನ ಗೂಡೊಂದು ಇನ್ನೂ ಅಂಟಿಕೊಂಡಿತ್ತು. "ನಿನ್ನ ಮಗಳು ಫ್ಲಾವಿಯಾ ಜೂಲಿಯ ಹೊಟ್ಟೆಯಲ್ಲಿದ್ದಾಗ ಸುಣ್ಣ ಬಳಿಯುವವನ ಕೈ ಹಿಡಿದು ನಿಲ್ಲಿಸಿದವನು ಯಾರು?"

ಮ್ಯಾಕ್ಸಿಮನಿಗೆ ಕಿರುಚಬೇಕೆನಿಸಿತು. ಅದೂ ಇದೂ ಒಂದೇ ಅಲ್ಲ ಎನ್ನಬೇಕೆನಿಸಿತು. ಒಂದೇ ಅಲ್ಲ ನಿಜ. ಆದರೆ ಸುಣ್ಣದ ಆಳಿನ ಮಣಿಕಟ್ಟು ಹಿಡಿದದ್ದು ಅವನ ಕೈಗೆ ಇನ್ನೂ ನೆನಪಿತ್ತು.

"ಇದು ಹುಟ್ಟಿ ಅಳುವವರೆಗೆ ನೀನು ನನಗೆ ಸಾಲಗಾರ" ಎಂದು ಅವಳು ಎದ್ದಳು.

ಜೂಲಿ ತಂಬಿಗೆಯನ್ನು ಮುಂದೆ ಹಿಡಿದಳು. ಗೆರ್ಟ್ರೂಡ್ ಮುಟ್ಟಲಿಲ್ಲ. ಆ ಮನೆಯಲ್ಲಿ ಹುಟ್ಟಿ ಬೆಳೆದವಳು, ನೀರು ಬೆಲ್ಲ ಮುಟ್ಟದೆ ಮೆಟ್ಟಿಲಿಳಿದು, ಕೆಸರು ನೋಡಿಕೊಂಡು ನಿಧಾನವಾಗಿ ಹೆಜ್ಜೆಯಿಡುತ್ತ ಹೋದಳು.