ಭುಜ ತಾಗಿಸು

"ತೊಡಿ ತೋರಿಸಿಕೋತ ಪೇಪರಿನಾಗ ನಿಂತೀಯಲ್ಲಬೇ, ಬೋಸಡಿ."

ಗೌಡರ ಕೋಲು ಬೆನ್ನಿಗೆ ಎರಡು ಸಲ ತಿವಿಯಿತು. ನಾನು ತಲೆ ಎತ್ತಲಿಲ್ಲ. ಬೀಜಕ್ಕೆಂದೇ ಬೆಳೆಸುವ ಹತ್ತಿಯ ಹೊಲದಲ್ಲಿ ಇಳಿಹೊತ್ತು ಅಂದರೆ ತಲೆ ಎತ್ತುವ ಹೊತ್ತಲ್ಲ. ನಾಳೆ ಅರಳುವ ಮೊಗ್ಗು ಹುಡುಕಬೇಕು, ಹೆಬ್ಬೆರಳ ಉಗುರಿನಿಂದ ಎಸಳು, ಅದರದೇ ಪುಡಿ ಎಲ್ಲ ಸುಲಿಯಬೇಕು, ನಡುವಿನ ಎಳೆ ಮಾತ್ರ ಉಳಿಸಿ ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಬೆಳಿಗ್ಗೆ ಬಂದು ಗಂಡು ಹೂವಿನ ಪುಡಿ ಮುಟ್ಟಿಸದಿದ್ದರೆ ಸುಲಿದದ್ದೆಲ್ಲ ಉದುರಿಹೋಗುತ್ತದೆ. ಅದಕ್ಕೇ ನಮ್ಮ ಕೇರಿಯ ಹುಡುಗಿಯರ ಸಣ್ಣ ಬೆರಳು ಬೇಕು. ಈ ಬೆರಳು ಗೌಡರ ಹೂ ಮುಟ್ಟಬಹುದು. ನಮ್ಮನ್ನು ಮುಟ್ಟಲು ಅವರಿಗೆ ಕೋಲಿದೆ.

ಪೇಪರು ನನ್ನ ಮುಂದೆ ಬಿತ್ತು. ಜಿಲ್ಲಾ ಫುಟ್‌ಬಾಲಿನ ಫೋಟೋ. ಎಂಟನೇ ನಂಬರಿನ ಅಂಗಿ, ಚಡ್ಡಿ, ನಾನು.

"ನಾಳಿ ರಾಯಚೂರಿಗೆ ಹೊಂಟೀಯಂತ?"

ನಾನು ಇನ್ನೊಂದು ಮೊಗ್ಗು ಸುಲಿದೆ.

"ಹೋಗು. ನೀ ಬಸ್ ಹತ್ತಿದಿ ಅಂದ್ರ ಕೇರಿ ನಳ ಬಂದ್. ಉಚ್ಚಿ ಕುಡೀರಿ ಎಲ್ಲಾರೂ."

ಸರ್ಕಾರದ ಪೈಪು ಒಡೆದು ಎರಡು ವರ್ಷ. ಕೇರಿಗೆ ಬರುವ ನೀರು ಗೌಡರ ಬೋರಿನದು. ಮೋಟರಿನ ಬಟನ್ ಅವರ ಹೊಲದ ಕೋಣೆಯಲ್ಲಿದೆ. ನಾಳೆ ಸ್ಟೇಟ್ ಟೀಮಿಗೆ ಆಯ್ಕೆ. ನಾಳೆ ಬಿಟ್ಟರೆ ನನ್ನ ವಯಸ್ಸಿನವರಿಗೆ ಮತ್ತೆ ಇಲ್ಲ.

ನನಗೆ ಆಟ ಬರುವ ಮೊದಲು ಭಯ ಬಂದಿತ್ತು. ದೇವದುರ್ಗದಲ್ಲಿ ನನ್ನ ಮೊದಲ ಮ್ಯಾಚು. ಚೆಂಡು ನನ್ನ ಕಾಲಲ್ಲೇ ಇತ್ತು. ಎದುರಿಗೆ ಬಂದವಳು ಗೌಡರ ತಂಗಿಯ ಮಗಳು. ಅವಳ ತೋಳು ನನ್ನ ತೋಳಿಗೆ ತಾಗಿತು. ನಾನು ಎರಡು ಮಾರು ಹಿಂದೆ ಹಾರಿ, ಕೈ ಎದೆಗೆ ಕಟ್ಟಿಕೊಂಡು ನಿಂತುಬಿಟ್ಟೆ. ಅವಳು ಚೆಂಡು ಒಯ್ದು ಗೋಲು ಹೊಡೆದಳು. ಮೈದಾನವೆಲ್ಲ ನಕ್ಕಿತು. ನಮ್ಮ ಪೀಟಿ ಮಾಸ್ತರು ಗುಲಾಮ್ ದಸ್ತಗೀರ್ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. ಬಸ್ಸಿನಲ್ಲಿ ಪಕ್ಕ ಕೂತು ಯಾಕೆಂದು ಕೇಳಿದರು.

"ಮೈ ತಾಗತದ್ರೀ ಸರ್," ಅಂದೆ.

ಅವರು ಫೋನು ತೆಗೆದು ಏನೋ ಹುಡುಕತೊಡಗಿದರು.

ಮರುದಿನ ಫೋನಿನಲ್ಲಿ ಇಟಲಿಯವಳೊಬ್ಬಳ ಆಟ ತೋರಿಸಿದರು. ನೀಲಿ ಅಂಗಿ, ನನ್ನ ಹಾಗೇ ನಡುವೆ ಆಡುವವಳು. ಚೆಂಡು ಬರುವ ಮೊದಲು ಪ್ರತಿಸಲ ಹಿಂತಿರುಗಿ ನೋಡುತ್ತಿದ್ದಳು. ನೀನೂ ಹಾಗೇ ನೋಡುತ್ತೀ, ಯಾರು ಕಲಿಸಿದರು ಎಂದು ಕೇಳಿದರು. ಯಾರೂ ಕಲಿಸಿರಲಿಲ್ಲ. ಮೇಲಿನ ಓಣಿಯಲ್ಲಿ ಹಾಯುವಾಗ ನಮ್ಮ ಕೇರಿಯ ಹುಡುಗಿಯರು ನಡೆಯುವುದೇ ಹಾಗೆ. ಆದರೆ ಇಟಲಿಯವಳು ಇನ್ನೊಂದು ಮಾಡುತ್ತಿದ್ದಳು. ಮೈಮೇಲೆ ಬಂದವರಿಗೆ ಭುಜ ತಾಗಿಸಿ, ಅಲ್ಲೇ ನಿಲ್ಲುತ್ತಿದ್ದಳು.

"ಇದೊಂದು ಕಲಿ, ಬೇಟಾ. ಭುಜ ತಾಗಿಸು. ತಪ್ಪಲ್ಲ ಅದು, ಆಟದ ಕಾನೂನಿನಾಗ ಅದ."

ಕಲಿಯಲು ಒಂದು ವರ್ಷ ಹಿಡಿಯಿತು. ಭುಜ ತಾಗಿಸಿದ ಪ್ರತಿದಿನ ಸಂಜೆ, ಯಾರಾದರೂ ಮನೆಗೆ ಬಂದರೇ ಎಂದು ಬಾಗಿಲು ನೋಡುತ್ತಿದ್ದೆ.

ಗೌಡರು ಪೇಪರು ಎಸೆದ ದಿನ ಸಂಜೆ ಬಂದರು. ಗೌಡರ ಮಂದಿಯಲ್ಲ, ನಮ್ಮವರೇ. ಕೇರಿಯ ಹಿರಿಯ ತಾಯಣ್ಣ ಮುತ್ಯಾ ನನಗೆ ಹೋಗಬೇಡ ಅನ್ನಲಿಲ್ಲ. ನಳ ನಿಂತರೆ ಕಾಲುವೆ ಎಷ್ಟು ದೂರ, ಕೇರಿಯಲ್ಲಿ ಬಾಣಂತಿಯರು ಎಷ್ಟು ಮಂದಿ ಎಂದು ಅವ್ವನ ಮುಂದೆ ಹೇಳಿ ಎದ್ದುಹೋದ. ಅವ್ವ ಗೋಪಮ್ಮ ನನ್ನ ಬೂಟುಗಳನ್ನು ಜೋಳದ ಡಬ್ಬಿಯೊಳಗೆ ಹಾಕಿ ಮುಚ್ಚಿದಳು.  

ಬೆಳಕು ಹರಿಯುವಾಗ ಕೊಡಗಳ ಸದ್ದಿಗೆ ಎಚ್ಚರವಾಯಿತು. ಹೊರಗೆ ಬಂದರೆ ಕೇರಿಯ ಹೆಂಗಸರೆಲ್ಲ ನಳದ ಮುಂದೆ. ಕೊಡ, ಬಕೀಟು, ಹಿಟ್ಟು ನಾದುವ ಪರಾತ, ಮಕ್ಕಳ ನೀರಿನ ಬಾಟಲಿ, ಎಲ್ಲವನ್ನೂ ತುಂಬುತ್ತಿದ್ದರು.  ನನ್ನ ಕಡೆ ಯಾರೂ ನೋಡಲಿಲ್ಲ. ಅವ್ವ ಬಂದು ಡಬ್ಬಿಯಿಂದ ಬೂಟು ತೆಗೆದು, ಅಂಟಿದ ಜೋಳ ಕೊಡವಿ, ನನ್ನ ಕೈಗಿಟ್ಟಳು.

"ಈ ನೀರು ಎರಡು ದಿನಕ್ಕ ಆಗತದ," ಅಂದಳು. "ಆಮ್ಯಾಗ ನೋಡೂಣು."

ಬಸ್ಸಿನ ದಾರಿ ಹತ್ತಿ ಹೊಲಕ್ಕೂ ಮುಳ್ಳುಬೇಲಿಗೂ ನಡುವಿನ ಕಾಲುಹಾದಿ. ಗೌಡರು ಅಲ್ಲೇ ನಿಂತಿದ್ದರು. ಹಿಂತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ದಾರಿ ಬಿಡ್ರೀ, ಗೌಡ್ರ."

ಅವರು ಕೋಲನ್ನು ಅಡ್ಡ ಹಿಡಿದು ನಕ್ಕರು.

"ಬಿಡಂಗಿಲ್ಲ. ನನ್ನ ಮುಟ್ಟಿ ದಾಟು, ನೋಡೂಣು."

 ಉಚ್ಚೆ ಬಂದಂತಾಗಿತ್ತು. ಬೂಟುಗಳನ್ನು ಎದೆಗವಚಿಕೊಂಡೆ, ಎಡಗಾಲು ಊರಿದೆ, ಭುಜ ತಗ್ಗಿಸಿದೆ. ಮೈಗೆ ಮೈ ತಾಗಿತು. ಬೆವರು, ತಂಬಾಕು, ತೊಳೆದ ಬಟ್ಟೆಯ ವಾಸನೆ. ಅವರ ಮೈ ಎಲ್ಲರ ಮೈಯಂತೆ ಬೆಚ್ಚಗಿತ್ತು. ಗೌಡರು ಹತ್ತಿಯ ಸಾಲಿನೊಳಗೆ ಕುಸಿದು ಕೂತರು. ಧೋತರಕ್ಕೆ ಕೆಂಪು ಕಾಗದಗಳು ಅಂಟಿದವು.

ನಾನು ಹಿಂದೆ ಹಾರಲಿಲ್ಲ. ಬೆನ್ನ ಹಿಂದೆ ಅವರು ಯಾರನ್ನೋ ಹೆಸರು ಹಿಡಿದು ಕೂಗುವುದು ಕೇಳಿಸಿತು. ಆಗ ಓಡಿದೆ.

ರಾಯಚೂರಿನ ಬಸ್ಸು ಕೇರಿಯ ಪಕ್ಕದಿಂದಲೇ, ನಿಲ್ಲದೆ, ಹಾಯುತ್ತದೆ. ಕಿಟಕಿಯಿಂದ ನೋಡಿದೆ. ನಳದ ಧಾರೆ ದಾರದಷ್ಟಾಯಿತು, ಹನಿಯಾಯಿತು, ನಿಂತಿತು. ಕೆಳಗೆ ಅವ್ವನ ಕೊಡವಿತ್ತು, ಅರ್ಧ ತುಂಬಿತ್ತು. ಅವಳು ಅದನ್ನು ತೆಗೆಯಲಿಲ್ಲ. ಹಿಂದಿನ ಹೆಂಗಸರು ಸಾಲು ಬಿಡಲಿಲ್ಲ. ಹೊಲದ ಕಡೆಯಿಂದ ಗೌಡರ ಮಂದಿಯ ಎರಡು ಮೋಟರ್‌ಸೈಕಲ್ಲು ಕೇರಿಗೆ ತಿರುಗುತ್ತಿದ್ದವು.