ಹೋಪತಿಗೆ ಹೇಳುವ ಮಾತು

ಕಡಲ ದಡದ ಕೋಡಿಯ ಮನೆಗಳಲ್ಲಿ ಹೋಪತಿಗೆ, ಅಂದರೆ ಹೋಗುವಾಗ, ಯಾರೂ ‘ಹೋತೆ’ (ಹೋಗುತ್ತೇನೆ) ಎನ್ನುವುದಿಲ್ಲ, ‘ಬತ್ತೆ’ (ಬರುತ್ತೇನೆ) ಎನ್ನುತ್ತಾರೆ. ಬಂದರಿಗೆ ಹೊರಟರೂ ಅಷ್ಟೇ, ಮುಂಬಯಿಗೆ ಹೊರಟರೂ ಅಷ್ಟೇ, ಎದುರಿನ ಅಂಗಡಿಗೆ ಬೆಂಕಿಪೊಟ್ಟಣ ತರಲು ಹೊರಟರೂ ಅಷ್ಟೇ. ಬಾಯಿ ತಪ್ಪಿ ‘ಹೋತೆ’ ಎಂದವರನ್ನು ಒಳಗೆ ಕರೆದು, ಕೂರಿಸಿ, ಒಂದು ಗುಟುಕು ನೀರು ಕುಡಿಸಿ ಮತ್ತೆ ಹೊರಡಿಸುತ್ತಾರೆ. ಮನೆಯೊಳಗಿದ್ದವರು ‘ಹೋಯ್ ಬಾ’, ಹೋಗಿ ಬಾ, ಎಂದ ಮೇಲೆಯೇ ಹೊಸಿಲು ದಾಟುವುದು.

ಅನಿಷಾಳ ಅಪ್ಪ ರತ್ನಾಕರನೂ ಒಂದು ಬೆಳಿಗ್ಗೆ ಹಾಗೆಯೇ ಹೇಳಿ ಕಡಲಿಗಿಳಿದವನು. ದೋಣಿಯ ಹಲಗೆಗಳು ದಡಕ್ಕೆ ಬಂದವು, ಅವನು ಬರಲಿಲ್ಲ. ತಾಯಿ ರಾಜೀವಿ ಮೀನಿನ ಬುಟ್ಟಿ ಹೊತ್ತು ಮಗಳನ್ನು ಬೆಳೆಸಿದಳು. ಯಾರ ಅಂಗಳದಲ್ಲೂ ತಲೆ ತಗ್ಗಿಸಲಿಲ್ಲ. ಗಂಡ ಹೋದನಲ್ಲ ಎಂದು ಯಾರಾದರೂ ಮರುಗಿದರೆ ‘ಬತ್ತೆ ಅಂದಿದ್ರ್’ ಎಂದಷ್ಟೇ ಹೇಳಿ ಬುಟ್ಟಿ ತಲೆಗೆತ್ತಿಕೊಳ್ಳುತ್ತಿದ್ದಳು. ಆ ಮಾತನ್ನು ಮೀರಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಾಲೇಜು ಮುಗಿಸಿದ ಅನಿಷಾ ಸ್ಕೂಟರಿನ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿದಾಗ ಕೇರಿಯವರು ಆಡಿಕೊಂಡರು. ಅವಳು ಬಂಗುಡೆ, ಚಟ್ಲಿ ತುಂಬಿಕೊಂಡು ಕುಂದಾಪುರ ದಾಟಿ, ವಂಡ್ಸೆಯ ಮೇಲೆ ಕೆರಾಡಿಯವರೆಗೆ ಹಾರ್ನ್ ಹೊಡೆಯುತ್ತಾ ಹೋದಳು. ಗಾಡಿಯ ಮುಂಭಾಗದಲ್ಲಿ ತಾಯಿಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದಳು.

ಕೆರಾಡಿಯ ಕೊನೆಯ ಮನೆ ಸೀತು ಎಂಬ ಮುದುಕಿಯದು. ಅದರಾಚೆ ಒಂದು ತೋಡು, ತೋಡಿನಾಚೆ ಹಾಡಿ. ಕಾಡಿಗೆ ತಾಗಿಕೊಂಡ ಆ ಮರಗಳ ಗುಂಪಿನಲ್ಲಿ ‘ಹಾಡಿಯವರು’ ಇದ್ದಾರೆಂದು ಸೀತು ಹೇಳುತ್ತಿದ್ದಳು. ಮನುಷ್ಯರಲ್ಲ, ದೆವ್ವಗಳೂ ಅಲ್ಲ, ಯಕ್ಷರ ಕಡೆಯ ಜನ. ಅವರ ಬಾಯಲ್ಲಿ ಸುಳ್ಳು ಹುಟ್ಟುವುದೇ ಇಲ್ಲವಂತೆ.

ಒಂದು ದಿನ ಅನಿಷಾ ತೋಡಿನಲ್ಲಿ ಕೈ ತೊಳೆಯುತ್ತಿದ್ದಾಗ ಆಚೆ ದಡದಲ್ಲಿ ಒಬ್ಬ ನಿಂತಿದ್ದ. ಮಳೆ ಆಗಷ್ಟೇ ಬಿಟ್ಟು ಮರಗಳಿನ್ನೂ ಹನಿಯುತ್ತಿದ್ದವು, ಅವನು ಮಾತ್ರ ಒದ್ದೆಯಾಗಿರಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟರೆ ತರಗೆಲೆ ಸದ್ದು ಮಾಡಲಿಲ್ಲ. ಅವನ ಕಡೆಯಿಂದ ರೆಂಜೆ ಹೂವಿನ ವಾಸನೆ ಬಂತು. ಆದರೂ ಮೀನು ಬೇಕಾ ಎಂದು ಕೇಳಿದಳು. ಬೇಡ ಎಂದ. ಸ್ಕೂಟರ್ ತಿರುಗಿಸುತ್ತಾ ರೂಢಿಯಂತೆ ಹೇಳಿದಳು: “ಬತ್ತೆ ಹಾಂಗಾರೆ.”

ಮೂರು ನಾಲ್ಕು ದಿನ ಬಿಟ್ಟು ಬಂದಾಗ ಅವನು ಅಲ್ಲೇ ನಿಂತಿದ್ದ. ಬಳ್ಳಿಯೊಂದು ಅವನ ಮೊಣಕಾಲಿನವರೆಗೆ ಹಬ್ಬಿತ್ತು.

“ಇಲ್ಲೇ ಇದ್ಯಲಾ, ಎಂತಕೆ?”

“ನೀನ್ ಬತ್ತೆ ಅಂದಿದ್ಯಲ್ಲ.”

“ಅದ್ ಹೋಪತಿಗೆ ಹೇಳು ಮಾತ್, ಮಾರಾಯಾ.”

“ಹೋಪತಿಗೆ ಬತ್ತೆ ಅಂಬುದಾ?” ಎಂದು ಅವನು ಬಹಳ ಹೊತ್ತು ಯೋಚಿಸಿದ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಕೆಸರಿಗಿಳಿದು, ಅವನ ಕಾಲಿನ ಬಳ್ಳಿಯನ್ನು ಒಂದೊಂದೇ ಸುತ್ತು ಬಿಡಿಸಿದಳು. ಆಮೇಲೆ ಮನೆಗೆ ಬಂದು, ಇಷ್ಟು ವರ್ಷ ತಾನು ಯಾರ್‍ಯಾರಿಗೆ ಎಷ್ಟು ಸಲೀಸಾಗಿ ಆ ಮಾತು ಹೇಳಿದ್ದೆ ಎಂದು ಯೋಚಿಸುತ್ತಾ ಕುಳಿತಳು.

ಅಂದಿನಿಂದ ಅವಳು ಆ ಮಾತನ್ನು ಸುಮ್ಮನೆ ಬಾಯಿಮಾತಿಗೆ ಹೇಳಲಿಲ್ಲ. ‘ಬತ್ತೆ’ ಎಂದರೆ ಬಂದಳು. ಅವನನ್ನು ರೆಂಜ ಎಂದು ಕರೆದಳು. ತೋಡಿನ ನಡುವಿನ ಕಲ್ಲಿನ ಮೇಲೆ ಇಬ್ಬರೂ ಕುಳಿತರೆ ಮಾತು ಕಡಿಮೆ. ಅವಳ ಕೈಯ ಮೀನಿನ ವಾಸನೆಯನ್ನು ಅವನು ಕಡಲಿನ ವಾಸನೆ ಎಂದು ತಿಳಿದಿದ್ದ, ಅವಳು ತಿದ್ದಲಿಲ್ಲ. ಕಡಲು ಹೇಗಿದೆ ಎಂದು ಅವನು ಕೇಳಿದರೆ ಅವಳು ಸುಮ್ಮನೆ ಅವನ ಭುಜಕ್ಕೆ ತಲೆ ಒರಗಿಸುತ್ತಿದ್ದಳು. ಕೊನೆಗೊಂದು ದಿನ ಕರೆದೇಬಿಟ್ಟಳು: ಕೋಡಿಗೆ ಬಾ, ನನ್ನ ಜೊತೆ ಇರು. ಅವನು ಒಪ್ಪಿದ.

ಸೀತು ಎಲೆಯಡಿಕೆ ಉಗಿದು ಎಚ್ಚರಿಸಿದಳು. ತೋಡು ದಾಟುವ ಹಾಡಿಯವರು ‘ಹೋತೆ’ ಎಂದು ಹೇಳಿಯೇ ದಾಟುತ್ತಾರೆ. ಹಾಗೆ ಅಂದವರು ಆ ಮಾತನ್ನು ಸುಳ್ಳು ಮಾಡಿ ಹಿಂದೆ ಬರುವ ಹಾಗಿಲ್ಲ. ಅವನ ತಾಯಿ ಬಿಡುವವಳಲ್ಲ ಎಂದಳು. ಕಾದು ನಿಂತವನನ್ನು ಮರೆತೆಯೋ, ಅವನು ಮರವಾಗಿಬಿಡುತ್ತಾನೆ ಎಂದೂ ಸೇರಿಸಿದಳು. “ಮೀನ್ ಮಾರುಕ್ ಬಂದವ್ಳಿಗೆ ಇದೆಲ್ಲ ಎಂತಕೆ ಹೆಣೆ?”

ಅವನನ್ನು ಕರೆದೊಯ್ಯಲು ಅನಿಷಾ ಹೋದ ದಿನ, ಆಚೆ ದಡದಲ್ಲಿ ರೆಂಜನ ಪಕ್ಕ ಅವನ ತಾಯಿ ನಿಂತಿದ್ದಳು. ಮುಪ್ಪಾದವಳಲ್ಲ, ಆದರೆ ಹಳೆಯವಳು. ಕೂದಲಲ್ಲಿ ಹಾವಸೆಯ ಹಸಿರು. ಅವಳ ದನಿ ಗಟ್ಟಿಯಿರಲಿಲ್ಲ.

“ನಿಮ್ಮವರ್ ಹೋಪತಿಗೂ ಬತ್ತೆ ಅಂತ್ರ್. ಸುಳ್ಳಿನ ಬಾಯಿ. ನೀನ್ ಬಪ್ಪುದ್ ಮೀನ್ ಮಾರುಕ್. ಒಂದ್ ಸಲ ನಿಜ ಹೇಳ್, ಹೋತೆ ಅನ್. ಬಳ್ಳಿ ನನ್ ಮಗನ ಕಾಲ್ ಬಿಡ್ತ್.”

ಒಂದೇ ಒಂದು ಮಾತು. ಅದನ್ನು ಹೇಳಿದರೆ ಅವನು ಹಾಡಿಯಲ್ಲಿ ಕ್ಷೇಮವಾಗಿರುತ್ತಾನೆ, ಅವಳಿಗೆ ಎಂದೂ ಸಿಗುವುದಿಲ್ಲ. ಅನಿಷಾ ರೆಂಜನ ಮುಖ ನೋಡಿದಳು. ಅವನು ಏನನ್ನೂ ಬೇಡಲಿಲ್ಲ, ಅದು ಅವಳಿಗೆ ಇಷ್ಟವಾಯಿತು. ಅವಳೂ ಬೇಡಲಿಲ್ಲ. ಸ್ಕೂಟರನ್ನು ಅವನ ತಾಯಿಗೆ ಕಾಣುವಂತೆ ಅಡ್ಡ ತಿರುಗಿಸಿ ನಿಲ್ಲಿಸಿದಳು.

“ಇವತ್ ಸೋಮವಾರ, ಅಮ್ಮ. ಈ ಬದಿಯಂಗೆ ಇವತ್ ಯಾರೂ ಮೀನ್ ಮುಟ್ಟುದಿಲ್ಲ. ಪೆಟ್ಟಿಗೆ ಎಲ್ಲಿತ್ ಕಾಣಿ. ಎಲ್ಲ ಸೋಮವಾರವೂ ಹೀಂಗೇ ಬಂದಿದ್ದೆ.”

ಹಿಂದಿನ ಸೀಟು ಖಾಲಿಯಿತ್ತು. ತಾಯಿ ಅದನ್ನೇ ನೋಡಿದಳು.

“ಒಂದಿನ ಬಪ್ಪುಕೆ ಆಗ್ದಿರೆ?”

ಅನಿಷಾ ತೋಡಿನ ಅಂಚಿಗೆ ಬಂದು ನಿಂತಳು. ತೋಡಿನ ನೀರು ಕಲ್ಲುಗಳ ನಡುವೆ ಹಾದುಹೋಗುವುದು ಕೇಳುತ್ತಿತ್ತು. ಈಗ ಹೇಳಿದ ಮಾತನ್ನು ಅವಳು ಈವರೆಗೆ ಯಾರ ಹತ್ತಿರವೂ, ತನ್ನ ತಾಯಿಯ ಹತ್ತಿರವೂ ಆಡಿರಲಿಲ್ಲ.

“ನನ್ ಅಪ್ಪಯ್ಯ ಬತ್ತೆ ಅಂದ್ ಕಡಲಿಗ್ ಹೋದ್ರ್. ಬರ್ಲಿಲ್ಲ. ಅವ್ರಿಗೆ ಬಪ್ಪು ಮನ್ಸ್ ಇದ್ದಿತ್, ಕಡಲ್ ಬಿಡ್ಲಿಲ್ಲ. ನನ್ ಅಮ್ಮ ಒಂದಿನವೂ ಅದನ್ನ್ ಸುಳ್ಳ್ ಅನ್ಲಿಲ್ಲ. ನಾನ್ ಅವ್ಳ ಮಗ್ಳ್. ಹೋತೆ ಅಂಬ ಮಾತ್ ನಮ್ಮನಿಯಂಗೆ ಇಲ್ಲ. ನಿಮ್ ಎದುರೂ ಹೇಳುದಿಲ್ಲ.”

ಆಮೇಲೆ ರೆಂಜ ತನ್ನ ತಾಯಿಯ ಕಡೆ ತಿರುಗಿದ. ಅವನ ತುಟಿ ಎರಡು ಸಲ ಅಲುಗಿ ನಿಂತಿತು. ಹಾಡಿಯಲ್ಲಿ ಈ ಮಾತನ್ನು ಯಾರೂ ಆಡಿದ್ದಿಲ್ಲ. ಸುಳ್ಳಾಗಿದ್ದರೆ ಅವನ ಬಾಯಲ್ಲಿ ಅದು ಹೊರಡುತ್ತಲೇ ಇರಲಿಲ್ಲ.

“ಅಬ್ಬಿ, ಬತ್ತೆ.”

ತಾಯಿ ಬೆಚ್ಚಿ ಅವನ ಮುಖ ನೋಡಿದಳು. ಅವನು ತೋಡಿಗಿಳಿದ. ನೀರು ಅವನ ಕಾಲನ್ನು ಒದ್ದೆ ಮಾಡಿತು, ಈಚೆ ದಡದ ತರಗೆಲೆ ಅವನ ಹೆಜ್ಜೆಗೆ ಸದ್ದು ಮಾಡಿತು. ಅವನು ಆ ಸದ್ದಿಗೆ ಒಂದು ಕ್ಷಣ ನಿಂತು, ಮತ್ತೆ ಬೇಕೆಂದೇ ಜೋರಾಗಿ ತುಳಿದು ಬಂದು ಖಾಲಿ ಸೀಟಿನ ಮೇಲೆ ಕುಳಿತ.

ಅನಿಷಾ ಆಚೆ ದಡಕ್ಕೆ ಮೆಲ್ಲಗೆ ಹೇಳಿದಳು, “ಬತ್ತೆ ಅಂದವ್ರಿಗೆ ‘ಹೋಯ್ ಬಾ’ ಅಂತ ಹೇಳ್ಕ್ ಅಮ್ಮ. ಬಪ್ಪು ಸೋಮವಾರ ಕರ್ಕಂಡ್ ಬತ್ತೆ.”

“ಹೋಯ್...” ಎಂದು ತಾಯಿ ತಡೆದಳು. ಅವರ ಭಾಷೆಯಲ್ಲಿ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಅನಿಷಾ ಒತ್ತಾಯಿಸಲಿಲ್ಲ. ಸ್ಕೂಟರ್ ಚಾಲೂ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಅಂಗಳದಲ್ಲಿ ಸೀತು ಎಲೆಯಡಿಕೆ ಅಗಿಯುವುದನ್ನು ಮರೆತು ನಿಂತಿದ್ದಳು. ಅವಳ ಮನೆ ದಾಟಿ, ರಸ್ತೆಯ ತಿರುವಿಗೆ ಬರುವಾಗ ಹಿಂದಿನಿಂದ, ಎಲ್ಲ ಮರಗಳೂ ಒಟ್ಟಿಗೆ ಉಸಿರು ಬಿಟ್ಟ ಹಾಗೆ ಉಳಿದರ್ಧ ಕೇಳಿಸಿತು.

“...ಬಾ.”